ಊರೆಲ್ಲ ಕಂಬ ಏರಿದ ವರ್ಷ

ಯುಗಾದಿಯ ದಿನ ನಮ್ಮೂರಲ್ಲಿ ಬೇವು ಬೆಲ್ಲವನ್ನು ಯಾರೂ ತಕ್ಷಣ ನುಂಗುವುದಿಲ್ಲ. ಕೆನ್ನೆಯಲ್ಲಿ ಒತ್ತಿಟ್ಟುಕೊಂಡು ಟಾಕೀಸಿನ ಗೋಡೆಯ ಕಡೆ ಓಡುತ್ತಾರೆ. ಆ ವರ್ಷ ಬರಲಿರುವ ಸಿನಿಮಾಗಳ ಪೋಸ್ಟರುಗಳನ್ನು ಅಂದು ಬೆಳಿಗ್ಗೆಯೇ ಅಲ್ಲಿ ಸಾಲಾಗಿ ಹಚ್ಚಿರುತ್ತಾರೆ. ತಮ್ಮ ಪಾಲಿಗೆ ಒಳ್ಳೆಯ ಚಿತ್ರ ಕಂಡವರು ಚಪ್ಪರಿಸಿ ನುಂಗುತ್ತಾರೆ, ಕೆಟ್ಟದ್ದು ಕಂಡವರು ಅಲ್ಲೇ ಚರಂಡಿಗೆ ಉಗುಳುತ್ತಾರೆ. ಪಂಚಾಂಗ ಓದುವ ಆಚಾರ್ಯರು ಕೂಡ ಮೊದಲು ಗೋಡೆ ನೋಡಿಕೊಂಡು ಬಂದು ಆಮೇಲೆ ಪಂಚಾಂಗ ಬಿಚ್ಚುತ್ತಾರೆ. ಗೋಡೆ ಒಂದು ಹೇಳಿ ಪಂಚಾಂಗ ಇನ್ನೊಂದು ಹೇಳಿದರೆ ಯಾರ ಮಾತು ನಡೆಯುತ್ತದೆ ಎಂಬುದು ಅವರಿಗೂ ಗೊತ್ತು.

ಚಿತ್ರದ ನಾಯಕ ಯಾವ ಕಸುಬಿನವನೋ ನಮ್ಮೂರಲ್ಲಿ ಆ ಕಸುಬು ಮಾಡುವವರಿಗೆ ಚಿತ್ರದ ಕೊನೆ ಬಂದು ಬಡಿಯುತ್ತದೆ. ಮೊದಲ ಆಟದಲ್ಲಿ ಪರದೆಯ ಮೇಲೆ 'ಶುಭಂ' ಬಿತ್ತೋ, ಮುಗಿಯಿತು. ಇದು ಯಾಕೆ ಹೀಗೆ ಎಂದು ಪರಊರಿನವರು ಕೇಳುತ್ತಾರೆ. ಮಳೆ ಯಾಕೆ ಮೇಲಿಂದಲೇ ಬೀಳುತ್ತದೆ ಎಂದು ನಾವು ಅವರನ್ನು ಕೇಳಿದ್ದೇವೆಯೇ? ಅಡುಗೆಯ ಚೆನ್ನಯ್ಯನಿಗೆ ನಲವತ್ತು ದಾಟಿದರೂ ಹೆಣ್ಣು ಸಿಕ್ಕಿರಲಿಲ್ಲ. ಅಡುಗೆ ಭಟ್ಟನ ಚಿತ್ರವೊಂದು ಬಂದ ಸಂಜೆ ಹೆಣ್ಣಿನ ಕಡೆಯವರು ತಾವಾಗಿ ಚಕ್ಕಡಿ ಕಟ್ಟಿಕೊಂಡು ಬಂದರು. ಪೊಲೀಸರ ಚಿತ್ರಗಳಲ್ಲಿ ನಾಯಕ ಕೊನೆಗೆ ಟೊಪ್ಪಿಗೆ ಬಿಸಾಡಿ ನಡೆದುಬಿಡುತ್ತಾನಲ್ಲ, ಹಾಗಾಗಿ ನಮ್ಮ ಇನ್ಸ್‌ಪೆಕ್ಟರು ಆಗಾಗ ರಾಜೀನಾಮೆ ಕೊಡುತ್ತಾ, ಮರುದಿನ ನಾಚಿಕೊಂಡು ಅದನ್ನು ವಾಪಸು ಪಡೆಯುತ್ತಾ ಕಾಲ ಹಾಕುತ್ತಿದ್ದರು. ರೈತರ ಚಿತ್ರ ಬಂದರೆ ಮಾತ್ರ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಊರ ತುಂಬ ರೈತರೇ ಇದ್ದಾರೆ, ಕೊನೆ ಎಲ್ಲರಿಗೂ ಹಂಚಿ ಹೋಗುತ್ತದೆ. ಒಮ್ಮೆ ರೈತ ನಾಯಕನ ಪಕ್ಕೆಗೆ ಚೂರಿ ಬಿದ್ದಾಗ ಇವರಿಗೆಲ್ಲ ಇರುವೆ ಕಚ್ಚಿದಷ್ಟು ಚುರುಕ್ ಎಂದಿತು, ಕೆರೆದುಕೊಂಡು ಹೊಲದ ಕೆಲಸ ಮುಂದುವರಿಸಿದರು.

ಕಷ್ಟವಿರುವುದು ಊರಿಗೆ ಒಬ್ಬನೇ ಇರುವ ಕಸುಬಿನವನಿಗೆ. ಅವನಿಗೆ ಪೂರ್ತಿ ಪಾಲು. ಅಂಚೆಯ ಮಲ್ಲೇಶಪ್ಪನನ್ನು ನಾವು ಕಳೆದುಕೊಂಡದ್ದು ಹಾಗೆ. ಅಂಚೆಯವನು ಸಾಯುವ ಚಿತ್ರ ಬಂದ ದಿನ ಅವನ ಅಣ್ಣತಮ್ಮಂದಿರು ಹೆಗಲಿಗೆ ಒಂದೊಂದು ಚೀಲ ನೇತುಹಾಕಿಕೊಂಡು ತಾವೂ ಅಂಚೆಯವರೇ ಎಂದು ಅಂಚೆ ಕಚೇರಿಯ ಮುಂದೆ ಸಾಲಾಗಿ ನಿಂತಿದ್ದರು. ವೇಷ ಲೆಕ್ಕಕ್ಕೆ ಬರಲಿಲ್ಲ. ಕೆಲಸ ಕಲಿತಿರಬೇಕು, ಮಾಡಿರಬೇಕು, ಅದರ ಕೂಲಿ ಉಂಡಿರಬೇಕು ಎಂಬುದು ನಮಗೆ ಆಮೇಲೆ ಅರ್ಥವಾಯಿತು. ಓಡಿಹೋದರೂ ಪ್ರಯೋಜನವಿಲ್ಲ. ಹಿಂದೆ ಒಬ್ಬ ಹಾರ್ಮೋನಿಯಂ ಮಾಸ್ತರ ಪರಊರಿನ ಲಾಡ್ಜಿನಲ್ಲಿ ಅಡಗಿ ಕೂತಿದ್ದ. ಚಿತ್ರದ ಕೊನೆ ಅವನನ್ನು ಅಲ್ಲಿಯೂ ಹುಡುಕಿಕೊಂಡು ಹೋಗಿ ಧ್ವನಿ ಕಿತ್ತುಕೊಂಡಿತು.

ಇನ್ನು ನನ್ನ ವಿಷಯ. ನಾನು ದ್ಯಾಮಣ್ಣ, ಈ ಊರಿನ ಮುಂಗಡ ನೋಡುವವನು. ಹೊಸ ಚಿತ್ರ ಮೊದಲು ಜಿಲ್ಲೆಯ ಊರಿಗೆ ಬಂದು ನಮ್ಮಲ್ಲಿಗೆ ಮುಟ್ಟಲು ತಿಂಗಳುಗಳೇ ಬೇಕು. ಆ ನಡುವೆ ನಾನು ಬಸ್ಸು ಹತ್ತಿ ಹೋಗಿ, ನೋಡಿ, ಬಂದು, ಕೊನೆ ಏನೆಂದು ಹೇಳಬೇಕು. ಬೇರೆ ಊರುಗಳಲ್ಲಿ ಸಿನಿಮಾದ ಕೊನೆ ಹೇಳಿದವನಿಗೆ ಒದೆ ಬೀಳುತ್ತದಂತೆ. ನಮ್ಮಲ್ಲಿ ನಾನು ಬಸ್ಸಿನಿಂದ ಇಳಿಯುವ ಮೊದಲೇ ಕೊನೆ ಹೇಳದಿದ್ದರೆ ಒದೆ ಬೀಳುತ್ತದೆ. ಜಂಬ ಎಂದರೂ ಸರಿ, ನನ್ನಷ್ಟು ಹುಷಾರಾಗಿ ಸಿನಿಮಾ ನೋಡುವವನು ಈ ಸೀಮೆಯಲ್ಲಿ ಇನ್ನೊಬ್ಬನಿಲ್ಲ.

ಆ ಯುಗಾದಿಗೆ ಗೋಡೆ ತುಂಬ ಭರ್ಜರಿಯಾಗಿತ್ತು. ದೀಪಾವಳಿಗೆ 'ಬಾವಿ ಬಸಣ್ಣ' ಎಂಬ ಚಿತ್ರ ಬರಲಿತ್ತು. ಪೋಸ್ಟರಿನಲ್ಲಿ ಬಾವಿ ತೋಡುವ ನಾಯಕ ಚಿಮ್ಮುವ ನೀರಿನಲ್ಲಿ ಮಿಂದು ನಗುತ್ತಾ ನಿಂತಿದ್ದ. ಕೊಡ ಹಿಡಿದು ಎರಡು ಫರ್ಲಾಂಗು ನಡೆಯುವ ಹೆಂಗಸರು ಅದನ್ನು ಕಂಡು, ನಮ್ಮೂರ ಬಾವಿ ತೋಡುವವರಿಗೂ ನೀರು ಸಿಕ್ಕೀತೆಂದು ಅಲ್ಲೇ ಕೈ ಮುಗಿದರು. ಅದರ ಪಕ್ಕದ ಪೋಸ್ಟರಿನ ಮುಂದೆ ಮಾತ್ರ ಗುಂಪು ಹಿಂದೆ ಸರಿಯಿತು. ಹೆಸರು 'ಕಂಬದ ಕಲಿ', ನಮ್ಮೂರಿಗೆ ದಸರೆಗೆ ಬರುವಂಥದು. ಕರೆಂಟಿನ ಕಂಬ, ಸುರಿಯುವ ಮಳೆ, ಕಂಬದ ಮೇಲೆ ಇಕ್ಕಳ ಹಿಡಿದ ನಾಯಕ. ಮೇಲೆ ಮೋಡಗಳ ನಡುವೆ ಅದೇ ನಾಯಕನ ದೊಡ್ಡ ಮುಖ. ಪೋಸ್ಟರಿನಲ್ಲಿ ನಾಯಕನ ಮುಖ ಆಕಾಶಕ್ಕೆ ಹೋಯಿತೆಂದರೆ ಲಕ್ಷಣ ಒಳ್ಳೆಯದಲ್ಲ ಎಂಬುದು ನಮ್ಮೂರ ಸಣ್ಣ ಮಕ್ಕಳಿಗೂ ಗೊತ್ತು.

ಊರಿಗೆ ಲೈನ್‌ಮನ್ ಒಬ್ಬನೇ, ಫಕೀರಪ್ಪ. ಅವನು ಪೋಸ್ಟರನ್ನು ಸುಮಾರು ಹೊತ್ತು ನೋಡಿ, "ಕಂಬಕ್ಕ ಏಣಿ ಸರಿಯಾಗಿ ಆನಿಸಿಲ್ಲ ನೋಡ್ರಿ, ಹಂಗಿಟ್ರ ಜಾರತೈತಿ" ಎಂದು ತಪ್ಪು ಹುಡುಕಿ ಕೆಲಸಕ್ಕೆ ಹೋದ. ಅವನ ಹೆಂಡತಿ ನಿಂಬೆವ್ವ ಅಲ್ಲೇ ನಿಂತಳು. ಬಾಯಲ್ಲಿದ್ದ ಬೇವು ಬೆಲ್ಲವನ್ನು ಅವಳು ಉಗುಳಲೂ ಇಲ್ಲ, ನುಂಗಲೂ ಇಲ್ಲ. ನನ್ನ ಕಡೆ ತಿರುಗಿ, "ಅಣ್ಣ, ಅದು ಜಿಲ್ಲಾಕ್ಕ ಬಂದ ದಿನಾನ ನೀ ಹೋಗಬೇಕು. ಬಸ್ಸಿನ ತಿಕೀಟು ನಾ ಕೊಡ್ತೀನಿ" ಎಂದಳು. ತೀರ ಗಟ್ಟಿ ಹೆಣ್ಣುಮಗಳು. ಮಾತು ಚಾಟಿ ಬೀಸಿದಂತೆ, ಅಳು ಎನ್ನುವುದನ್ನು ನಾನು ಅವಳಲ್ಲಿ ಕಂಡಿರಲಿಲ್ಲ.

ಬೇಸಗೆ ಮುಗಿಯುವ ಹೊತ್ತಿಗೆ ಚಿತ್ರ ಜಿಲ್ಲೆಗೆ ಬಂತು. ನಾನು ನೋಡಿದೆ. ನೋಡಿ ವಾಪಸು ಬರುವಾಗ ಬಸ್ಸು ಕೆಟ್ಟು ನಿಲ್ಲಲಿ ಎಂದು ಬೇಡಿಕೊಂಡೆ. ನಮ್ಮ ಊರಿನ ಬಸ್ಸು ಕೆಡದ ದಿನವೆಂದರೆ ಅದೊಂದೇ. ನಿಂಬೆವ್ವ ನಿಲ್ದಾಣದಲ್ಲಿ ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತಿದ್ದಳು.

"ಕೊನೀಗೆ ಏನಾತು? ಮೊದಲ ಅದನ್ನ ಹೇಳು."

"ತಂಗಿ, ಹಾಡು ಚೊಲೋ ಅದಾವ, ಜಗಳದ ಸೀನಂತೂ..."

"ದ್ಯಾಮಣ್ಣ."

"ಮಳ್ಯಾಗ ದವಾಖಾನಿಗೆ ಕರೆಂಟ್ ಕೊಡಾಕಂತ ಕಂಬ ಏರ್ತಾನ. ದವಾಖಾನಿ ಲೈಟೆಲ್ಲಾ ಹತ್ತತಾವ. ಅಂವ..." ನಾನು ಬಸ್ಸಿನ ಕಡೆ ಮುಖ ತಿರುಗಿಸಿದೆ.

"ಕಂಬದ ಮ್ಯಾಲೇ?" ಎಂದಳು. ನಾನು ತಲೆ ಆಡಿಸಿದೆ. ಅವಳು ಕೈಯಲ್ಲಿದ್ದ ಬುತ್ತಿಯ ಗಂಟನ್ನು ನನಗೆ ಕೊಟ್ಟು, "ಹಸ್ತಿರಬೇಕು, ಉಣ್ಣು" ಎಂದು ಹೇಳಿ ನಡೆದುಬಿಟ್ಟಳು. ಆ ರೊಟ್ಟಿ ನನಗೆ ಇಳಿಯಲಿಲ್ಲ.

ಚಿತ್ರ ಬೇಡವೆಂದರೆ ಆಯಿತಲ್ಲ ಎಂದು ನೀವು ಕೇಳಬಹುದು. ಟಾಕೀಸಿನ ಮಾಲಕ ಪಂಪಣ್ಣ ಕೆಟ್ಟವನೇನಲ್ಲ, ಹಂಚಿಕೆದಾರರ ಬಳಿ ಅದನ್ನೂ ಕೇಳಿ ಬಂದ. 'ಕಂಬದ ಕಲಿ'ಯನ್ನು ಓಡಿಸದವರಿಗೆ 'ಬಾವಿ ಬಸಣ್ಣ'ನೂ ಇಲ್ಲ ಎಂದರಂತೆ. ಎರಡನ್ನೂ ಜೊತೆಗೇ ಮಾರುವುದು ಅವರ ಪದ್ಧತಿ. ಆ ಸುದ್ದಿ ಹಬ್ಬಿದ ಮೇಲೆ ಊರಿನವರು ಫಕೀರಪ್ಪನ ಮುಖ ನೋಡುವುದನ್ನೇ ಬಿಟ್ಟರು. ಕೊಡ ಹೊತ್ತ ಹೆಂಗಸರು ನಿಂಬೆವ್ವನ ಮನೆ ಬಂದಾಗ ದಾರಿ ಬದಲಿಸಿ ಹೋಗುತ್ತಿದ್ದರು. ನೀರು ಬೇಡ ಎನ್ನಲು ಅವರಿಂದ ಆಗದು, ನಿನ್ನ ಗಂಡ ಸಾಯಲಿ ಎನ್ನಲು ಬಾಯಿ ಬಾರದು. ಕೊನೆಗೆ ಫಕೀರಪ್ಪನೇ ಟಾಕೀಸಿಗೆ ಹೋಗಿ, "ಹಚ್ರಿ ಪಂಪಣ್ಣ, ಊರಿಗೆ ನೀರು ಬರಲಿ" ಎಂದು ಹೇಳಿ ಬಂದ. ಅವನ ಸ್ವಭಾವವೇ ಅಂಥದು. ಯಾರ ಮನೆಯಲ್ಲಿ ಫ್ಯೂಸ್ ಹೋದರೂ ಉಣ್ಣುವ ತಾಟನ್ನು ಬಿಟ್ಟು ಎದ್ದು ಬರುವವನು.

ನಿಂಬೆವ್ವ ಅಂದು ಗಂಡನಿಗೆ ಬಯ್ದದ್ದು ಓಣಿಗೆಲ್ಲ ಕೇಳಿಸಿತು. ಬಯ್ದು ಮುಗಿಸಿದ ಮೇಲೆ ಹೊರಗೆ ಬಂದು ನನ್ನ ಜಗುಲಿಯ ಮೇಲೆ ಕೂತಳು. ಎದುರಿಗೆ ರೈತರ ಹುಡುಗಿಯರು ಹುಣಸೆ ಹಣ್ಣು ಹಂಚಿಕೊಂಡು ತಿನ್ನುತ್ತಿದ್ದರು. ಒಬ್ಬಳೇ ತಿಂದಿದ್ದರೆ ಹಲ್ಲು ಜುಮ್ಮೆನ್ನುವಂಥ ಹುಳಿ. ಹಂಚಿಕೊಂಡದ್ದಕ್ಕೆ ನಗುತ್ತಾ ಚೀಪುತ್ತಿದ್ದರು. ನಿಂಬೆವ್ವ ಅವರನ್ನೇ ನೋಡುತ್ತಾ ಕೂತಿದ್ದು, ತಟ್ಟನೆ ಎದ್ದು ಮನೆಗೆ ಹೋದಳು. ಫಕೀರಪ್ಪನ ಎದುರು ನಿಂತು, "ನನಗ ಕಂಬ ಏರೂದು ಕಲಸ್ರಿ" ಎಂದಳು.

"ನನ್ನ ಸಾವು ನನಗಿರಲಿ ಬಿಡು, ನಿನಗ್ಯಾಕ?" ಎಂದ ಅವನು.

"ನಿಮ್ಮದು ನಿಮಗ ಅಂದ್ರ ಬಿಟ್ಟೀನೇನು ನಾನು? ರೊಟ್ಟಿ ಮುರದ್ರೂ ಅರ್ಧ ನಂದು."

ಒಂದು ವಾರ ಫಕೀರಪ್ಪ ಕಲಿಸಿದ. ಆಮೇಲೆ ಒಂದು ಸಂತೆಯ ದಿನ, ತುಂಬಿದ ಪೇಟೆಯ ನಡುವೆ, ನಿಂಬೆವ್ವ ಇಳಕಲ್ ಸೀರೆಯನ್ನು ಗಂಡುಗಚ್ಚೆ ಹಾಕಿ ಉಟ್ಟು ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಕಂಬ ಏರಿದಳು. ಬೆಳಗಿನಿಂದ ಕೆಟ್ಟಿದ್ದ ಗಿರಣಿಯ ಲೈನನ್ನು ಸರಿಮಾಡಿದಳು. ಫಕೀರಪ್ಪ ಕರೆಂಟು ಬಿಟ್ಟದ್ದೇ ಗಿರಣಿ ಗರ್ ಎಂದಿತು. ಗಿರಣಿಯ ಮುದುಕ ಬೆರಗಾಗಿ ಒಂದು ಕಪ್ಪು ಚಹಾ ತಂದುಕೊಟ್ಟ, ಅವಳು ಅದನ್ನು ಏಣಿಯ ಮೇಲೆ ನಿಂತೇ ಕುಡಿದಳು. ಕೂಲಿ ಮುಟ್ಟಿತು. ಅಲ್ಲಿಂದಲೇ ಊರಿಗೆಲ್ಲ ಕೇಳುವಂತೆ ಹೇಳಿದಳು.

"ಕೇಳ್ರಪಾ! ಈ ಊರಿಗೆ ಈಗ ಲೈನ್‌ಮನ್ನರು ಇಬ್ರು. ಅರ್ಧ ಸಾವು ಅವ್ರಿಗೆ, ಅರ್ಧ ನನಗ. ಅರ್ಧ ಸಾವು ಅಂದ್ರ ಹೆಂಗಿರತೈತಿ, ನಿಮಗ್ಯಾರಿಗರೆ ಗೊತ್ತೈತೇನು? ನನಗೂ ಗೊತ್ತಿಲ್ಲ. ಮೂರನೇದವ್ರು ಬಂದ್ರ ಇನ್ನಷ್ಟು ಸಣ್ಣದಾಗತೈತಿ. ಬರೂದು ಬಿಡೂದು ನಿಮಗ ಬಿಟ್ಟದ್ದು. ನಾ ಯಾರ ಕಾಲೂ ಹಿಡಿಯಾಂಗಿಲ್ಲ."

ಯಾರೂ ಮುಂದೆ ಬರಲಿಲ್ಲ. ಚೂರಿಯ ಪಾಲು ಬೇರೆ, ಸಾವಿನ ಪಾಲು ಬೇರೆ. ಸಾವನ್ನು ಹಂಚಿದರೆ ಸಣ್ಣದಾಗುತ್ತದೋ, ಇಲ್ಲ ಎಲ್ಲರಿಗೂ ಪೂರ್ತಿಯೇ ಬರುತ್ತದೋ ಎಂದು ಯಾರು ಕಂಡಿದ್ದರು? ಗಂಡಸರೆಲ್ಲ ಕಾಲ ಬುಡದಲ್ಲಿ ಏನೋ ಬಿದ್ದಿದೆ ಎಂಬಂತೆ ನೆಲ ನೋಡಿದರು. ನಾನೂ ನೋಡಿದೆ. ಏಣಿಯ ಎರಡನೇ ಮೆಟ್ಟಿಲಿಗೇ ತಲೆ ತಿರುಗುವ ಮನುಷ್ಯ ನಾನು.

ಮೊದಲು ಬಂದವಳು ನೀರಿನ ಕೊಡ ಹೊತ್ತಿದ್ದ ಗೌರಮ್ಮಾಯಿ. ಅರವತ್ತು ದಾಟಿದ ಮುದುಕಿ, ಊರಲ್ಲಿ 'ಬಾವಿ ಬಸಣ್ಣ'ನನ್ನು ಅವಳಷ್ಟು ಕಾದವರು ಯಾರೂ ಇರಲಿಲ್ಲ. ಅವಳು ಕೊಡವನ್ನು ಕೆಳಗಿಟ್ಟು, "ನೀ ಗಂಡನ್ನ ಕಳಕೊಂಡು ಕೊಟ್ಟ ನೀರು ನನ್ನ ಗಂಟಲದಾಗ ಇಳಿಯಾಂಗಿಲ್ಲ ಬೇ. ನನಗ ಏರಾಕ ಆಗೂದಿಲ್ಲ. ಏಣಿ ಹಿಡಿಯೂದು ಕೆಲಸ ಹೌದೋ ಅಲ್ಲೋ?" ಎಂದು ಕೇಳಿದಳು.

"ಏಣಿ ಹಿಡಿಯೋರು ಇಲ್ಲಂದ್ರ ಲೈನ್‌ಮನ್ ಎಲ್ಲೀದ್ರಿ ಅಮ್ಮಾಯಿ?" ಎಂದ ಫಕೀರಪ್ಪ. ಹಾಗೆ ಮೂವರಾದರು.

ಆಮೇಲಿನದ್ದನ್ನು ಹೇಳಲು ನನಗೆ ಈಗಲೂ ಖುಷಿ ಉಕ್ಕುತ್ತದೆ. ಗೌರಮ್ಮಾಯಿ ಬಂದಳೆಂದು ನೀರಿಗೆ ಹೋಗುವ ಹೆಂಗಸರೆಲ್ಲ ಬಂದರು. ಹೆಂಗಸರು ಬಂದರೆಂದು ನಾಚಿ ಗಂಡಸರು ಬಂದರು. ಇನ್ಸ್‌ಪೆಕ್ಟರು, "ನನ್ನ ಕಸುಬಿನ್ಯಾಗ ಬರೀ ರಾಜೀನಾಮಿ ಆತ್ರಿ, ಒಂದರೆ ಒಳ್ಳೇ ಕೆಲಸ ಮಾಡ್ತೀನಿ" ಎಂದು ಬೂಟು ಬಿಚ್ಚಿಟ್ಟು ಏರಿದರು. ಆಚಾರ್ಯರು ಮಡಿಯ ಪಂಚೆಯನ್ನು ಮೇಲಕ್ಕೆ ಕಟ್ಟಿ ಫ್ಯೂಸಿಗೆ ತಂತಿ ಸುತ್ತಲು ಕಲಿತರು. ಚೆನ್ನಯ್ಯ ಒಗ್ಗರಣೆಯ ಕೈಯಲ್ಲೇ ಇಕ್ಕಳ ಹಿಡಿದ. ಆ ವರ್ಷದ ಮಳೆಗಾಲದಲ್ಲಿ ನಮ್ಮೂರಿನ ಕರೆಂಟು ಹೇಗಿತ್ತೆಂದರೆ, ಒಂದು ಬಲ್ಬು ಕಣ್ಣು ಮಿಟುಕಿಸಿದರೆ ಸಾಕು, ಎರಡು ಓಣಿಯ ಜನ ಏಣಿ ಹೊತ್ತು ಓಡಿ ಬರುತ್ತಿದ್ದರು. ಕೆಲಸ ಸಿಗದೆ ಜಗಳವೂ ಆಯಿತು. "ನಮ್ಮ ಕಂಬ ಮುಟ್ಟಬ್ಯಾಡ್ರಿ, ನಿಮ್ಮ ಓಣ್ಯಾಗ ನೋಡ್ಕೋರಿ!" ಎಂದು ಮೇಲಿನ ಕೇರಿಯವರು ಕೆಳಗಿನ ಕೇರಿಯವರನ್ನು ಅಟ್ಟಿದರು. ಪಾಪ, ಕೆಲಸ ಸಿಗದವರು ಕಲಿಯಲಿ ಎಂದು ತಮ್ಮ ಮನೆಯ ಫ್ಯೂಸನ್ನು ತಾವೇ ಸುಟ್ಟುಕೊಂಡವರೂ ಇದ್ದಾರೆ. ಚಹಾದ ಅಂಗಡಿಯಲ್ಲಿ ಕಪ್ಪುಗಳು ಸಾಲದೆ ಹೋದವು, ಕೂಲಿ ಕುಡಿಯುವವರು ಅಷ್ಟು ಜನ.

ಫಕೀರಪ್ಪ ಒಬ್ಬೊಬ್ಬರ ಸೊಂಟದ ಹಗ್ಗವನ್ನೂ ತಾನೇ ಎಳೆದು ನೋಡುತ್ತಿದ್ದ. ಲೈನು ಬಂದ್ ಆಗಿದೆಯೇ ಎಂದು ಎರಡೆರಡು ಸಲ ನೋಡದೆ ಯಾರನ್ನೂ ಏಣಿಗೆ ಕಾಲಿಡಲು ಬಿಡುತ್ತಿರಲಿಲ್ಲ. ನನ್ನನ್ನು ಅವನು ಕರೆಯಲೇ ಇಲ್ಲ. ದಸರೆ ಹತ್ತಿರ ಬಂದಾಗ ನಾನೇ ಹೋದೆ. ಕಣ್ಣು ಮುಚ್ಚಿಕೊಂಡು ಏರಿದೆ, ಕೆಳಗಿನಿಂದ ನಿಂಬೆವ್ವ, "ಕಣ್ಣ ತೆರೀ ಅಣ್ಣ, ಕಣ್ಣ ಮುಚ್ಚಿ ಸಿನಿಮಾ ನೋಡ್ತೀಯೇನು?" ಎಂದು ಕೂಗಿದಳು. ತೆರೆದೆ. ಮೇಲಿನಿಂದ ನಮ್ಮೂರು ಇಷ್ಟು ಸಣ್ಣದಾಗಿ, ಇಷ್ಟು ಮುದ್ದಾಗಿ ಕಾಣುತ್ತದೆಂದು ನನಗೆ ಗೊತ್ತಿರಲಿಲ್ಲ.

ದಸರೆಯ ಶುಕ್ರವಾರ ಮಧ್ಯಾಹ್ನದ ಆಟಕ್ಕೆ 'ಕಂಬದ ಕಲಿ' ಬಂತು. ಯಾರ ಕಸುಬಿನ ಚಿತ್ರವೋ ಅವರು ಟಾಕೀಸಿನ ಒಳಗೆ ಕೂರುವಂತಿಲ್ಲ, ತಮ್ಮ ಕೆಲಸದ ಜಾಗದಲ್ಲಿ ನಿಂತಿರಬೇಕು ಎಂಬುದು ನಮ್ಮ ಹಳೆಯ ಕಟ್ಟು. ಹಾಗಾಗಿ ಒಳಗೆ ಒಂದು ನರಪಿಳ್ಳೆಯೂ ಇರಲಿಲ್ಲ. ಮಾಲಕ ಪಂಪಣ್ಣನೂ ಕೂಲಿ ಚಹಾ ಕುಡಿದವನೇ ಆಗಿದ್ದರಿಂದ ಅವನೂ ಹೊರಗೆ. ಆಪರೇಟರ್ ಖಾದರಸಾಬ ಒಬ್ಬನೇ ಖಾಲಿ ಕುರ್ಚಿಗಳಿಗೆ ಸಿನಿಮಾ ತೋರಿಸುತ್ತಿದ್ದ. ಫಕೀರಪ್ಪ ಇಡೀ ಊರಿನ ಕರೆಂಟು ತೆಗೆದಿದ್ದ, ಟಾಕೀಸು ಜನರೇಟರಿನ ಮೇಲೆ ನಡೆಯುತ್ತಿತ್ತು. ಚಾವಣಿಯ ಮೇಲಿನ ಹಾರ್ನಿನಿಂದ ಚಿತ್ರದ ಮಾತು, ಹಾಡು, ಹೊಡೆದಾಟ ಎಲ್ಲವೂ ಊರಿಗೆ ಕೇಳುತ್ತಿತ್ತು.

ಫಕೀರಪ್ಪ ಊರ ಕೊನೆಯ ದವಾಖಾನೆಯ ಕಂಬವನ್ನು ತಾನೇ ಆರಿಸಿಕೊಂಡಿದ್ದ. ನಿಂಬೆವ್ವ ಪೇಟೆಯ ಕಂಬದ ಮೇಲೆ, ಅವಳಾಚೆಯ ಕಂಬದ ಮೇಲೆ ನಾನು. ಅಲ್ಲಿಂದ ದವಾಖಾನೆ ಕಾಣುವುದಿಲ್ಲ. ಕಣ್ಣು ಹಾಯುವ ತನಕ ಕಂಬಕ್ಕೊಬ್ಬರು ಮೇಲೆ, ಬುಡದಲ್ಲಿ ಏಣಿ ಹಿಡಿದು, ಹಗ್ಗ ಹಿಡಿದು ಉಳಿದವರೆಲ್ಲ. ಕೊನೆಯ ರೀಲು ಶುರುವಾದದ್ದು ಹಾರ್ನಿನ ಮಳೆಯ ಸದ್ದಿನಿಂದ ತಿಳಿಯಿತು. ನಮ್ಮ ಮೇಲೆ ಬಿಸಿಲಿತ್ತು. ನಾಯಕ ಕಂಬ ಏರುತ್ತಾ ದೊಡ್ಡ ದೊಡ್ಡ ಮಾತು ಹೇಳುತ್ತಿದ್ದ. ನಿಂಬೆವ್ವ ಸೊಂಟದ ಹಗ್ಗವನ್ನು ಮತ್ತೊಮ್ಮೆ ಬಿಗಿದುಕೊಂಡಳು. "ಅಣ್ಣ, ಇನ್ನೆಷ್ಟೊತ್ತು?" ಎಂದಳು. "ಈಗ ದವಾಖಾನಿ ಲೈಟ್ ಹತ್ತತಾವ, ತಂಗಿ. ಆಮ್ಯಾಲ ವೀಣೆ ಬರತೈತಿ. ವೀಣೆ ಮುಗದ ಕೂಡಲೇ" ಎಂದೆ. ಲೈಟು ಹತ್ತಿದವು. ವೀಣೆ ಬಂತು. ಮುಗಿಯಿತು.

ಎದೆಯೊಳಗೆ ಒಂದು ಬಡಿತ ಬೀಳಲಿಲ್ಲ. ಮುಂದಿನದ್ದು ಬರುತ್ತದೋ ಇಲ್ಲವೋ ಗೊತ್ತಿಲ್ಲದ ಹಾಗೆ ಎಲ್ಲವೂ ನಿಂತಿತು. ಬಿಸಿಲು ಕಪ್ಪಾಯಿತು, ಕೈಯಲ್ಲಿದ್ದ ಇಕ್ಕಳ ತಣ್ಣಗಾಯಿತು, ನನ್ನ ಹೆಸರು ನನಗೆ ಮರೆತುಹೋಯಿತು. ಸಾವೇ ಅದು, ಅನುಮಾನವಿಲ್ಲ, ಆದರೆ ಒಂದು ಚಿಟಿಕೆ ಉಪ್ಪಿನಷ್ಟು. ಅಷ್ಟರಲ್ಲಿ ಎದೆ ಮತ್ತೆ ಧಡ್ ಎಂದಿತು. ಉಸಿರು ಬಂತು. ಊರಿಗೆ ಊರೇ ಒಮ್ಮೆಲೇ ಉಸಿರೆಳೆದುಕೊಂಡ ಸದ್ದು ನನಗೆ ಕೇಳಿಸಿತು. ಕೆಳಗೆ ಗೌರಮ್ಮಾಯಿ ನನ್ನ ಏಣಿಯನ್ನು ಬಿಟ್ಟಿರಲಿಲ್ಲ.

ನಿಂಬೆವ್ವ ಕಣ್ಣು ತೆರೆದವಳೇ ದವಾಖಾನೆಯ ದಿಕ್ಕಿಗೆ ತಿರುಗಿ, "ಕೇಳ್ರಿಲ್ಲೇ! ಅದೀರೇನ್ರೀ?" ಎಂದು ಕೂಗಿದಳು. ಅಷ್ಟು ದೂರಕ್ಕೆ ಯಾವ ಧ್ವನಿ ಮುಟ್ಟೀತು? ನಾನು ತಿರುಗಿ ಮುಂದಿನ ಕಂಬದ ಇನ್ಸ್‌ಪೆಕ್ಟರಿಗೆ, "ಫಕೀರಪ್ಪ ಅದಾನೇನು ಕೇಳ್ರಿ!" ಎಂದೆ. ಅವರು ಮುಂದಿನವರಿಗೆ ಕೂಗಿದರು. "ಫಕೀರಪ್ಪ ಅದಾನೇನು?" ಎಂಬ ಕೂಗು ಕಂಬದಿಂದ ಕಂಬಕ್ಕೆ, ಕೇರಿಯಿಂದ ಕೇರಿಗೆ ಹೋಯಿತು, ಸಣ್ಣದಾಯಿತು, ಆಮೇಲೆ ಕೇಳಿಸದಾಯಿತು. ನಿಂಬೆವ್ವ ಕಂಬವನ್ನು ಎರಡೂ ಕೈಯಿಂದ ಅಪ್ಪಿಕೊಂಡು ನಿಂತಿದ್ದಳು. ಆ ಒಂದು ಗಳಿಗೆಯಲ್ಲಿ ನಾವು ಮಾಡಿದ್ದೆಲ್ಲ ವ್ಯರ್ಥವಾಯಿತೇನೋ ಎಂದುಕೊಂಡೆ.

ಆಮೇಲೆ ದೂರದಲ್ಲಿ ಏನೋ ಗದ್ದಲ ಎದ್ದಿತು. ಗದ್ದಲ ಹತ್ತಿರ ಬಂತು. ಮೇಲಿನ ಕೇರಿಯ ಕಂಬಗಳಿಂದ ಕೆಳಗಿನ ಕೇರಿಗೆ, ಅಲ್ಲಿಂದ ಗುಡಿಯ ಕಂಬದ ಆಚಾರ್ಯರಿಗೆ, ಆಚಾರ್ಯರಿಂದ ಇನ್ಸ್‌ಪೆಕ್ಟರಿಗೆ ಒಂದೇ ಮಾತು ಹಾರಿ ಬಂತು. ಇನ್ಸ್‌ಪೆಕ್ಟರು ಟೊಪ್ಪಿಗೆಯನ್ನು ಗಾಳಿಗೆ ಎಸೆದು, "ಅದಾನಂತ!" ಎಂದು ಕೂಗಿದರು. ನಾನು ನಿಂಬೆವ್ವನ ಕಡೆ ತಿರುಗಿ, "ಅದಾನಂತ ತಂಗಿ, ಅದಾನಂತ!" ಎಂದೆ. ಕೆಳಗೆ ಏಣಿ ಹಿಡಿದವರೂ ಹಗ್ಗ ಹಿಡಿದವರೂ "ಅದಾನಂತ!" ಎಂದು ಅರಚುತ್ತಾ ಒಬ್ಬರನ್ನೊಬ್ಬರು ತಬ್ಬಿಕೊಂಡರು.

ನಿಂಬೆವ್ವ ಅತ್ತಳು. ಯಾರು ನೋಡುತ್ತಾರೆಂಬ ಪರಿವೆಯಿಲ್ಲದೆ, ಊರಿನ ನಡುವಿನ ಕಂಬದ ಮೇಲೆ, ಬಾಯಿ ತೆರೆದು ಅತ್ತಳು. ಆಮೇಲೆ ಸೆರಗಿನಿಂದ ಮೂಗು ಒರೆಸಿಕೊಂಡು, ಬಯ್ಯುವ ಧ್ವನಿಯಲ್ಲೇ ನನಗೆ ಹೇಳಿದಳು:

"ಹಂಗಾರ ಕರೆಂಟ್ ಬಿಡು ಅಂತ ಹೇಳು ಅವ್ರಿಗೆ, ಅಣ್ಣ. ಮೊದಲ ನೀವೆಲ್ಲಾ ಇಳೀರಿ."